ಖಾಲಿಯೂ ಅಲ್ಲದ ಜಾಗ

ಹಾಲು ಉಕ್ಕಿತು.

ಅವಳು ಒಲೆಯ ಮುಂದೆಯೇ ನಿಂತಿದ್ದಳು. ಹಾಲು ಮೇಲೇರುವುದನ್ನು, ಅಂಚಿನಲ್ಲಿ ಒಂದು ಗಳಿಗೆ ಅನುಮಾನಿಸುವುದನ್ನು, ಆಮೇಲೆ ಪಾತ್ರೆಯ ಮೈಮೇಲೆ ಬೆಳ್ಳಗೆ ಇಳಿಯುವುದನ್ನು ನೋಡುತ್ತಲೇ ಇದ್ದಳು. ಕೈ ಮುಂದೆ ಹೋಗಲಿಲ್ಲ. ಹಿಂದಿನಿಂದ ಅತ್ತೆ ಬಂದು ಒಲೆ ಆರಿಸಿದರು.

"ಕೂತ್ಕೊ. ನಾನು ಮಾಡ್ತೀನಿ."

"ಇವತ್ತು ಆಫೀಸಿಗೆ ಹೋಗ್ತೀನಿ ಅತ್ತೆ."

ಅತ್ತೆ ಒರೆಸುವ ಬಟ್ಟೆ ಹುಡುಕಿದರು. ಅದು ಕಣ್ಣೆದುರಿಗೇ ಇತ್ತು. ಆದರೂ ಸ್ವಲ್ಪ ಹೊತ್ತು ಹುಡುಕಿದರು.

"ಹೋಗು. ಇಬ್ಬರೂ ಕೂತು ಗೋಡೆ ನೋಡೋದು ಯಾಕೆ? ಒಬ್ಬರು ನೋಡಿದರೆ ಸಾಕು."

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಅಳುವುದಕ್ಕೂ ಸಮಾಧಾನ ಹೇಳುವುದಕ್ಕೂ ಯಾರೂ ಇಲ್ಲದ ಮೊದಲ ಮಾಮೂಲು ಬೆಳಗು ಅದು. ನಲ್ಲಿಯಲ್ಲಿ ನೀರು ಬಂತು. ಎದುರು ಮನೆಯವರು ಸ್ಕೂಟರಿಗೆ ಒದ್ದು ಒದ್ದು ಸೋತರು. ಕಿಟಕಿಯ ಬಿಸಿಲು ಎಂದಿನಂತೆ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅದರೊಳಗೆ ಕಾಲಿಟ್ಟರೆ ಮುಳುಗಿಬಿಡುತ್ತೇನೇನೋ ಎಂಬಂತೆ ಅವಳು ಸುತ್ತಿ ನಡೆದಳು.

ಮುಚ್ಚಿಹೋಗಿದ್ದ ಬಣ್ಣದ ಕಾರ್ಖಾನೆಯ ಅಂಗಳದಲ್ಲಿ, ನೆಲದೊಳಗಿನ ಹಳೇ ನೀರಿನ ತೊಟ್ಟಿಯಲ್ಲಿ ಅವಳ ಗಂಡ ಸಿಕ್ಕಿದ್ದ. ತೊಟ್ಟಿಯ ಕಬ್ಬಿಣದ ಮುಚ್ಚಳ ಪಕ್ಕದಲ್ಲಿತ್ತು. ಅವನೇ ಅದನ್ನು ತೆಗೆದು ಹಾರಿಕೊಂಡ ಎಂದು ಪೊಲೀಸರು ಬರೆಯುವುದರಲ್ಲಿದ್ದರು.

ಹಾರಿಕೊಂಡ. ಆ ಒಂದು ಪದ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಮೂರನೆಯವರ ಹಾಗೆ ಓಡಾಡಿಕೊಂಡಿತ್ತು. ನಿಮ್ಮಿಬ್ಬರ ಮಧ್ಯೆ ಏನಾದರೂ ಆಗಿತ್ತೇ ಎಂದು ಅತ್ತೆ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂಬುದಕ್ಕೆ ಹಿಂದಿನ ರಾತ್ರಿ ಜಗಳವಾಗಿತ್ತು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಿಗ್ಗೆ ಅವನು ಏನೂ ಹೇಳದೆ ಹೋಗಿದ್ದ.

ಒಂದು ಕಿಟಕಿಗಾಗಿ ಯಾರಾದರೂ ಸಾಯುತ್ತಾರೆಯೇ? ಇಲ್ಲ ಎನ್ನಲು ಅವಳ ಹತ್ತಿರ ಏನೂ ಇರಲಿಲ್ಲ. ಹೌದು ಎನ್ನಲು ಪೊಲೀಸರ ಹತ್ತಿರ ಒಂದು ಫೈಲಿತ್ತು.

* * *

ನಕ್ಷೆ ವಿಭಾಗ ಮೂರನೆಯ ಮಹಡಿಯಲ್ಲಿ. ಪರದೆಗಳ ಮೇಲೆ ಬಿಸಿಲು ಬೀಳದಂತೆ ಕಿಟಕಿಗೆಲ್ಲ ಹಸಿರು ಬಟ್ಟೆ ಇಳಿಬಿಟ್ಟಿದ್ದರಿಂದ ಅಲ್ಲಿ ಯಾವಾಗಲೂ ಕೆರೆಯ ತಳದ ಬೆಳಕು. ಗಂಡ ಹೆಂಡತಿ ಇಬ್ಬರೂ ಅಲ್ಲೇ ನಗರದ ನಕ್ಷೆ ಬರೆಯುವವರು. ಬೆನ್ನಿಗೆ ಬೆನ್ನು ಕೊಟ್ಟ ಎರಡು ಮೇಜು. ಅವಳ ಪರದೆ ಕಪ್ಪಾದಾಗ ಅದರಲ್ಲಿ ಅವನ ಬೆನ್ನು ಕಾಣುತ್ತಿತ್ತು. ಈಗ ಕುರ್ಚಿಯ ಬೆನ್ನು ಕಂಡಿತು. ಅವಳು ಬೇಗನೆ ಯಂತ್ರ ಚಾಲೂ ಮಾಡಿದಳು.

"ಮೇಡಂ, ಬಂದದ್ದು ಒಳ್ಳೇದಾಯ್ತು."

ತನಿಖಾಧಿಕಾರಿ ಆಗಲೇ ಬಂದು ಕೂತಿದ್ದರು. ಸದಾ ಮೂಗು ಸೋರುವ ಈ ತೆಳ್ಳನೆಯ ಮನುಷ್ಯನಿಗೆ ಮೊದಲ ದಿನವೇ ಕೋಣೆಯವರು ನೆಗಡಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು.

"ನಿಮ್ಮವರ ಜೊತೆ ನೀರಿಗೆ ಬಿದ್ದಿದ್ದ ನಕ್ಷೆಯ ಟ್ಯಾಬ್ಲೆಟ್ಟು ಕೊನೆಗೂ ಒಣಗಿತು. ಅದರಲ್ಲಿ ಅವರು ಕೊನೆಗೆ ಕೇಳಿದ ಜಾಗ ಇದು ನೋಡಿ." ಫೋನಿನಲ್ಲಿದ್ದ ಫೋಟೋ ತೋರಿಸಿದರು. ಅಕ್ಷಾಂಶ, ರೇಖಾಂಶದ ಎರಡು ಉದ್ದನೆಯ ಸಂಖ್ಯೆಗಳು. "ಇದು ಆ ತೊಟ್ಟಿಯ ಹತ್ತಿರದ್ದೇ ಅಂತ ನೀವೊಂದು ಮಾತು ಹೇಳಿಬಿಟ್ಟರೆ ನಾನು ಫೈಲು ಮುಚ್ಚಿ ಮನೆಗೆ ಹೋಗಿ ಆವಿ ತಗೋತೀನಿ."

ಅವಳು ಸಂಖ್ಯೆಗಳನ್ನು ಒಂದೊಂದಾಗಿ ಒತ್ತಿದಳು. ಅಡ್ಡದ್ದು ಒಂದು, ಉದ್ದದ್ದು ಒಂದು. ಪರದೆಯ ಮೇಲೆ ನಗರ ನಿಧಾನವಾಗಿ ತಿರುಗಿ, ಬೀದಿಗಳು ಎರಡೂ ಕಡೆ ಸರಿದು, ಹಕ್ಕಿಯೊಂದು ತನ್ನ ಗೂಡು ನೆನಪಾಗಿ ಇಳಿದ ಹಾಗೆ ನೋಟ ಕೆಳಗಿಳಿಯಿತು. ಕಾರ್ಖಾನೆಯ ಅಂಗಳ. ಬೆಳ್ಳಗಿನ ಬಯಲು. ನಡುವೆ ಒಂದು ಸಣ್ಣ ಕೆಂಪು ಚುಕ್ಕೆ.

ಇಲ್ಲಿ ನಿಂತಿದ್ದ. ಇಷ್ಟೇ ಜಾಗದಲ್ಲಿ, ಎರಡು ಪಾದ ಇಟ್ಟುಕೊಂಡು.

"ಕೇಳಿ ಮೇಡಂ, ಏನು ಹೇಳುತ್ತೆ ನೋಡೋಣ."

ನೋಡುವವರಿಗೆ ನಕ್ಷೆ ಒಂದೇ ಚಿತ್ರ. ಒಳಗೆ ಅದು ಒಂದರ ಮೇಲೊಂದು ಹಾಸಿದ ಪದರ. ಎಲ್ಲಕ್ಕಿಂತ ಕೆಳಗೆ ನೆಲ, ಮೇಲೆ ರಸ್ತೆ, ಕಟ್ಟಡ, ಕೊಳವೆ, ಮರ. ಒಂದೊಂದು ಆಕಾರಕ್ಕೂ ತನ್ನ ಹೆಸರು, ತನ್ನ ಅಳತೆ, ತನ್ನನ್ನು ಕೊನೆಗೆ ಮುಟ್ಟಿದವರ ಹೆಸರು ಅಂಟಿಕೊಂಡಿರುತ್ತದೆ. ಯಾವುದೇ ಬಿಂದುವಿನ ಮೇಲೆ ಮೌಸಿನ ಬಾಣವಿಟ್ಟು ಕೇಳಿದರೆ, ಆ ಬಿಂದುವಿನಲ್ಲಿ ಯಾರ್ಯಾರಿದ್ದಾರೋ ಅವರೆಲ್ಲ ಎದ್ದು ಹೆಸರು ಹೇಳುತ್ತಾರೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ.

ಅವಳು ಕೇಳಿದಳು.

ಪರದೆಯ ಮೂಲೆಯಲ್ಲಿ ಪುಟ್ಟ ಕಿಟಕಿ ತೆರೆಯಿತು. *ಈ ಬಿಂದುವಿನಲ್ಲಿ ಏನೂ ಸಿಗಲಿಲ್ಲ.*

"ಸರಿ ಹೋಯ್ತು," ಎಂದರು ನೆಗಡಿ ಸಾಹೇಬರು. "ಖಾಲಿ ಜಾಗ."

ಅವನು ಕೇಳಿದಾಗಲೂ ಇದೇ ಉತ್ತರ ಬಂದಿರಬೇಕು. ಸಂಜೆಯ ಬಯಲಿನಲ್ಲಿ ಒಬ್ಬನೇ ನಿಂತು, ಕಾಲಡಿಯ ನೆಲವನ್ನು ನೀನು ಯಾರು ಎಂದು ಕೇಳಿ, ಯಾರೂ ಇಲ್ಲ ಎನ್ನಿಸಿಕೊಂಡಿದ್ದ.

"ಖಾಲಿ ಅಲ್ಲ ಸರ್," ಎಂದಳು.

"ಏನೂ ಇಲ್ಲ ಅಂತಿದೆಯಲ್ಲ?"

"ಖಾಲಿ ಜಾಗ ಆಗಿದ್ದರೆ ಖಾಲಿ ಜಾಗ ಅಂತ ಹೇಳಬೇಕಿತ್ತು." ಚುಕ್ಕೆಯಿಂದ ಕೊಂಚ ದೂರದಲ್ಲಿ ಬಾಣವಿಟ್ಟು ಕೇಳಿದಳು. *ಖಾಲಿ ನೆಲ. ಹಳೇ ಕಾರ್ಖಾನೆ ಅಂಗಳ.* ಚುಕ್ಕೆಯ ಇನ್ನೊಂದು ಕಡೆ ಕೇಳಿದಳು. *ಖಾಲಿ ನೆಲ.* "ನಮ್ಮಲ್ಲಿ ನೆಲದ ಪದರಕ್ಕೆ ಬಿರುಕೇ ಇರಬಾರದು. ಏನೂ ಇಲ್ಲದ ಜಾಗಕ್ಕೂ ಒಂದು ಆಕಾರ ಬರೆದು ಖಾಲಿ ಅಂತ ಹೆಸರಿಡ್ತೀವಿ. ಇಡೀ ನಗರದಲ್ಲಿ ಎಲ್ಲಿ ಕೇಳಿದರೂ ಯಾರಾದರೂ ಒಬ್ಬರು ಓ ಅನ್ನಲೇಬೇಕು."

"ಅಂದರೆ ಅಲ್ಲಿ ಖಾಲಿಯೂ ಇಲ್ಲ."

"ಇಲ್ಲ."

"ನನ್ನ ಹೆಂಡತಿ ನನ್ನ ತಲೆ ಬಗ್ಗೆ ಹೇಳೋ ಮಾತಿದು," ಎಂದು ಅವರು ಸೀನಿದರು.

ಖಾಲಿ ನೆಲಕ್ಕೂ ಬಿಳಿ ಬಣ್ಣ, ಪದರಗಳ ಹಿಂದಿನ ಕಾಗದಕ್ಕೂ ಬಿಳಿ. ಕಣ್ಣಿಗೆ ವ್ಯತ್ಯಾಸ ಕಾಣದು. ಅವಳು ಕಾಗದದ ಬಣ್ಣವನ್ನು ನೀಲಿಗೆ ಬದಲಿಸಿದಳು.

ಅಂಗಳದ ನಡುವೆ ನೀರು ಕಣ್ಣು ಬಿಟ್ಟಿತು. ದುಂಡನೆಯ ನೀಲಿ. ಒಂದು ಬದಿಗೆ ಸಣ್ಣ ಬಾಲ, ನೀರು ಬರುವ ಬಾಯಿಯಂತೆ. ಗೆರೆ ಎಲ್ಲೂ ನಡುಗಿರಲಿಲ್ಲ. ಇದನ್ನು ಕೈತಪ್ಪಿ ಮಾಡಿದ್ದಲ್ಲ.

"ಇದೇನಿದು?"

"ತೂತು. ಲಟ್ಟಿಸಿದ ಹಿಟ್ಟಿನಲ್ಲಿ ಬಟ್ಟಲು ಊರಿ ಒಂದು ಬಿಲ್ಲೆ ತೆಗೆಯೋದಿಲ್ವಾ, ಹಾಗೆ. ನೆಲದಲ್ಲಿ ಏನಾದರೂ ಇದ್ದರೆ ಅದರ ಅಳತೆಗೆ ಖಾಲಿ ನೆಲವನ್ನು ಕತ್ತರಿಸಿ ಕೂರಿಸ್ತೀವಿ. ಯಾರೋ ಬಿಲ್ಲೆ ಎತ್ತಿಕೊಂಡಿದ್ದಾರೆ. ಹಿಟ್ಟಿನಲ್ಲಿ ತೂತು ಹಾಗೇ ಇದೆ."

"ಬಿಲ್ಲೆ ಅಂದರೆ ತೊಟ್ಟಿ."

"ಹೌದು. ನಕ್ಷೆಯಲ್ಲಿ ತೊಟ್ಟಿ ಇತ್ತು. ಅಳಿಸಿದ್ದಾರೆ."

"ಅಳಿಸಿದವರ ಹೆಸರು ಹೇಳುತ್ತಾ ನಿಮ್ಮ ಯಂತ್ರ?"

"ಅಳಿಸಿದ್ದಕ್ಕೆ ಮೈಯೇ ಇಲ್ಲ ಸರ್. ಹೆಸರು ಎಲ್ಲಿ ಅಂಟುತ್ತೆ?"

ಆದರೆ ತೂತಿನ ಸುತ್ತಲಿನ ನೆಲಕ್ಕೆ ಮೈ ಇತ್ತು. ಅವಳು ಅದನ್ನು ಕೇಳಿದಳು, ಕತ್ತರಿಸಿದವರು ಯಾರು? ಉತ್ತರದ ಕೊನೆಯ ಸಾಲಿನಲ್ಲಿ ಅವಳ ಗಂಡನ ಹೆಸರಿತ್ತು. ತಾರೀಕು ಅವಳು ಈ ಕೋಣೆಗೆ ಕೆಲಸಕ್ಕೆ ಬರುವುದಕ್ಕೂ ಹಿಂದಿನದು. ಅವಳಿಗೆ ಪರಿಚಯವೇ ಇಲ್ಲದ ಒಬ್ಬ ಯುವಕ ಒಂದು ಮಧ್ಯಾಹ್ನ ಇಲ್ಲಿ ಕೂತು, ಹಳೆಯ ನೀಲನಕ್ಷೆ ನೋಡಿಕೊಂಡು, ನಡುಗದ ಕೈಯಿಂದ ಈ ದುಂಡನ್ನು ಬರೆದಿದ್ದ. ಪರದೆಯ ಬೆಳಕು ಅವಳ ಬೆರಳ ಮೇಲೆ ನೀಲಿಯಾಗಿ ಆಡುತ್ತಿತ್ತು. ಬೆರಳು ಒದ್ದೆಯಾದಂತೆ ಅನ್ನಿಸಿ ಅವಳು ಅದನ್ನು ಸೆರಗಿಗೆ ಒರೆಸಿಕೊಂಡಳು.

ನೆಗಡಿ ಸಾಹೇಬರೂ ಆ ಸಾಲನ್ನು ಓದಿದರು.

"ಬೇಜಾರು ಮಾಡ್ಕೋಬೇಡಿ. ಇದು ನನ್ನ ಫೈಲಿಗೆ ಇನ್ನೂ ಅನುಕೂಲ. ತಾವೇ ಬರೆದ ತೊಟ್ಟಿ. ಅಲ್ಲಿದೆ ಅಂತ ಗೊತ್ತಿದ್ದವರು ಅವರೊಬ್ಬರೇ. ಹುಡುಕಿಕೊಂಡು ಹೋಗಿದ್ದಾರೆ."

"ಮುಚ್ಚಳ?"

"ಅದನ್ನೆತ್ತೋಕೆ ಕಬ್ಬಿಣದ ಕೊಕ್ಕೆ ಬೇಕಂತೆ. ನಿಮ್ಮವರು ಹಿಂದಿನ ದಿನ ನೀರಿನ ವಿಭಾಗದಿಂದ ಕೊಕ್ಕೆ ಈಸ್ಕೊಂಡಿದ್ದರು ಅಂತ ನಿಮ್ಮ ಮುಖ್ಯಸ್ಥರೇ ಹೇಳಿದರು. ತೊಟ್ಟಿಯ ಕೆಸರಲ್ಲಿ ಹೂತಿರುತ್ತೆ. ನಾವೂ ಹುಡುಕಿದೆವು, ಸಿಗಲಿಲ್ಲ." ಎದ್ದು ನಿಂತು ಕರವಸ್ತ್ರ ಮಡಚಿದರು. "ನಾಳೆ ಬೆಳಿಗ್ಗೆ ತನಕ ಕಾಯ್ತೀನಿ. ಆಮೇಲೆ ಮುಚ್ಚಲೇಬೇಕು."

ಅವರು ಹೋದ ಮೇಲೂ ಅವಳು ಒಂದು ವಿಷಯ ಹೇಳದೆ ಉಳಿಸಿಕೊಂಡಿದ್ದಳು. ಬರೆಯುವ ಅಧಿಕಾರ ಕೋಣೆಯ ಎಲ್ಲರಿಗೂ ಇದೆ. ನೆಲದ ಪದರದಿಂದ ಅಳಿಸುವ ಅಧಿಕಾರ ಒಬ್ಬರಿಗೇ. ಅಳಿಸಿದ ಮೇಲೆ ನೆಲವನ್ನು ಮತ್ತೆ ಹೊಲಿಯುವುದು ಯಾವಾಗಲೂ ಕಿರಿಯರ ಕೆಲಸ. ಆ ಒಬ್ಬರು ಅದನ್ನು ಮಾಡಿ ಎಷ್ಟೋ ಕಾಲವಾಗಿತ್ತು. ಹೊಲಿಯಬೇಕು ಎಂಬುದೇ ಅವರಿಗೆ ಮರೆತುಹೋಗಿತ್ತು.

* * *

ಮುಖ್ಯಸ್ಥರು ಅತ್ತೆಯ ಒಡಹುಟ್ಟಿದ ತಮ್ಮ, ಅವಳ ಗಂಡನ ಸೋದರಮಾವ. ಮನೆಯಲ್ಲಿ ಅವರನ್ನು ಮಾವ ಎನ್ನುತ್ತಿದ್ದಳು, ಆಫೀಸಿನಲ್ಲಿ ಸರ್. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟಂತೆ ಸಂಬಂಧವನ್ನು ಕೆಳಗೆ ಬಿಟ್ಟು ಬರಬೇಕು ಎಂದು ಅವರೇ ನಗುತ್ತ ಹೇಳಿಕೊಟ್ಟಿದ್ದರು.

"ಬಾ ಬಾ. ಕೂತ್ಕೊ. ಏನಂತೆ ನೆಗಡಿಗೆ?"

"ಕಾರ್ಖಾನೆ ಅಂಗಳದಲ್ಲಿ ತೂತಿದೆ ಸರ್."

"ತೂತಾ?" ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಉಜ್ಜಿದರು. "ಕ್ಲಿಕ್ಕು ಅಂಚಿನ ಮೇಲೆ ಬಿದ್ದಿರುತ್ತೆ."

"ಕ್ಲಿಕ್ ಮಾಡಲಿಲ್ಲ. ಅಂಕಿ ಕೊಟ್ಟೆ."

"ಅಂಕಿಯ ಬಾಲ ಕತ್ತರಿಸಿರ್ತೀಯ. ದಶಮಾಂಶದ ಬಾಲ ಮೊಟಕು ಮಾಡಿದರೆ ಮದುವೆ ಮನೆಗೆ ಹೊರಟವರು ಪಕ್ಕದ ಬೀದಿಯ ಸಾವಿನ ಮನೆಗೆ..." ಮಾತು ತಪ್ಪಿತೆಂದು ಅವರಿಗೇ ತಿಳಿಯಿತು. "ನನ್ನ ಬಾಯಿಗಿಷ್ಟು. ಬೇಜಾರಾಗಬೇಡ."

"ಬಾಲ ಪೂರ್ತಿ ಇದೆ."

"ಹಾಗಾದರೆ ಯಾವುದೋ ಪದರ ಆಫ್ ಆಗಿರುತ್ತೆ. ಕಾಣದ ಪದರ ಉತ್ತರ ಕೊಡಲ್ಲ. ನಿಂಗೆ ನಾನೇ ಕಲಿಸಿದ್ದು."

"ಎಲ್ಲಾ ಆನ್ ಇತ್ತು. ಪಕ್ಕದ ನೆಲ ಹೆಸರು ಹೇಳಿತು."

ಕೋಣೆಯ ಹಸಿರು ಬೆಳಕಿನಲ್ಲಿ ಧೂಳಿನ ಕಣಗಳು ಮೇಲೂ ಹೋಗದೆ ಕೆಳಗೂ ಬರದೆ ತೇಲುತ್ತಿದ್ದವು. ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಬಹಳ ದೂರದಲ್ಲಿ ಯಾರೋ ಬಾಗಿಲು ಬಡಿಯುತ್ತಿರುವಂತೆ ಎದೆಯ ಸದ್ದು ಕೇಳುತ್ತಿತ್ತು, ಅಷ್ಟೆ.

"ಯಾಕೆ ಅಳಿಸಿದ್ರಿ ಮಾವ?"

ಆ ಕೋಣೆಯಲ್ಲಿ ಅವಳು ಅವರನ್ನು ಮಾವ ಎಂದದ್ದು ಅದೇ ಮೊದಲು.

"ಬಾಗಿಲು ಹಾಕು," ಎಂದರು. ಅವಳು ಹಾಕಿದಳು. ಅವರು ಕನ್ನಡಕ ಏರಿಸಿಕೊಂಡರು. "ಆ ಜಾಗದಲ್ಲಿ ಮನೆಗಳು ಏಳಬೇಕು. ತೊಟ್ಟಿಗೆ ಮಣ್ಣು ತುಂಬಿಸಿ ಮುಚ್ಚಿದ್ದೀವಿ ಅಂತ ಮೇಲಿನಿಂದ ಹೇಳಿದರು. ಇಲ್ಲದ ತೊಟ್ಟಿ ನಕ್ಷೆಯಲ್ಲಿ ಯಾಕೆ? ತೆಗೆದೆ. ಅದರಲ್ಲಿ ಕಳ್ಳತನ ಏನಿದೆ?"

"ಹೋಗಿ ನೋಡಿದ್ರಾ?"

"ನಾನಾ? ಈ ಕುರ್ಚಿ ಬಿಟ್ಟು ನಾನು ಯಾವ ಕಾಲಕ್ಕೆ ಎದ್ದಿದ್ದೀನಿ? ಆ ಅಂಗಳ ಯಾವ ದಿಕ್ಕಿಗಿದೆ ಅಂತ ನಕ್ಷೆ ನೋಡಿಯೇ ಹೇಳಬೇಕು. ಅಲ್ಲಿಗೆ ನಾನು ಕಾಲಿಟ್ಟಿಲ್ಲ."

"ಅವರಿಗೆ ಗೊತ್ತಾಯ್ತಾ?"

"ಗೊತ್ತಾಯ್ತು. ಈಗ ನೀನು ನಿಂತಿದ್ದೀಯಲ್ಲ, ಅಲ್ಲೇ ನಿಂತು ಕೇಳಿದ. ಗಂಡ ಹೆಂಡತಿ ಇಬ್ಬರೂ ಒಂದೇ ತರ ಕೇಳ್ತೀರಪ್ಪ, ಪಾಟೀಸವಾಲು." ನಕ್ಕರು. ನಗು ಅರ್ಧಕ್ಕೇ ಇಳಿಯಿತು. "ತುಂಬಿಸಿದ್ದಾರೆ, ನಂಬು ಅಂದೆ. ನಂಬಲಿಲ್ಲ. ಕೊಕ್ಕೆ ತಂದು ತೆಗೆದು ನೋಡ್ತೀನಿ ಅಂದ. ನೋಡಪ್ಪ ಅಂದೆ. ಆಮೇಲೆ..." ಅವರು ದನಿ ತಗ್ಗಿಸಿದರು. "ಹೇಳಲೋ ಬೇಡವೋ."

"ಹೇಳಿ."

"ಆಮೇಲೆ ತೊಟ್ಟಿ ವಿಷಯ ಬಿಟ್ಟು ಮನೆ ವಿಷಯ ತೆಗೆದ. ಮನಸ್ಸು ಸರಿಯಿಲ್ಲ ಮಾವ ಅಂದ. ಮನೇಲಿ ಮಾತಿಲ್ಲ ಅಂದ. ನಾನು ಅಕ್ಕನ ಮುಂದೆ ಈ ಮಾತು ಎತ್ತಿಲ್ಲ. ಎತ್ತೋದೂ ಇಲ್ಲ. ನಿಂಗೆ ಗೊತ್ತಿರಲಿ ಅಂತ ಹೇಳಿದೆ."

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು.

"ಮಗುವಾಗಿದ್ದಾಗಿನಿಂದ ಎತ್ತಿ ಆಡಿಸಿದ ಕೈ ಇದು," ಎಂದು ಅವರು ಎರಡೂ ಅಂಗೈ ತೋರಿಸಿದರು. ಮೃದುವಾದ, ಶುಭ್ರವಾದ ಅಂಗೈ. "ಅವನೇನೋ ಹೋದ. ಉಳಿದವಳು ಅಕ್ಕ. ಮಗ ಹೆಂಡತಿ ಜೊತೆ ಜಗಳ ಆಡಿ ಹೋದ ಅಂತ ಗೊತ್ತಾದರೆ ಅವಳು ನಿನ್ನ ಮುಖ ನೋಡ್ತಾಳಾ? ನೆಗಡಿ ಫೈಲು ಮುಚ್ಚಲಿ. ನೀನು ಆ ತೂತು ಹೊಲಿದುಬಿಡು. ಒಂದು ಗುಂಡಿ ಒತ್ತೋ ಕೆಲಸ. ಎಲ್ಲರಿಗೂ ನೆಮ್ಮದಿ."

"ಆಯ್ತು," ಎಂದಳು. ಯಾವುದಕ್ಕೆ ಆಯ್ತು ಎಂದದ್ದೆಂದು ಅವಳಿಗೇ ತಿಳಿಯಲಿಲ್ಲ.

"ಅವನ ಮೇಜಿನ ಸಾಮಾನು ಕಟ್ಟಿಕೊ. ಸಂಜೆ ನಾನೇ ಕಾರಲ್ಲಿ ಮನೆಗೆ ಬಿಡ್ತೀನಿ. ಅಕ್ಕನ್ನೂ ನೋಡಿದಂಗಾಗುತ್ತೆ."

* * *

ತೂತು ಹೊಲಿಯುವುದು ನಿಜವಾಗಿಯೂ ಒಂದೇ ಗುಂಡಿಯ ಕೆಲಸ. ಒತ್ತಿದರೆ ಸುತ್ತಲಿನ ಖಾಲಿ ಹರಿದು ಬಂದು ನಡುವನ್ನು ತುಂಬುತ್ತದೆ. ಆಮೇಲೆ ಯಾರು ಕೇಳಿದರೂ ನೆಲ ಸಭ್ಯವಾಗಿ, ಖಾಲಿ, ಎಂದು ಹೇಳುತ್ತದೆ.

ಅವಳು ಬಾಣವನ್ನು ಗುಂಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಮನೇಲಿ ಮಾತಿಲ್ಲ ಅಂದ. ಹಾಗೆ ಅಂದಿದ್ದನೇ? ಅಂದಿರಬಹುದು. ಹೊರಗಿನವರ ಹತ್ತಿರ ಮನೆಯ ಮಾತು ಆಡದವನು, ಮಾವನ ಹತ್ತಿರ ಆಡಿರಬಹುದು. ತೊಟ್ಟಿಯ ನೀಲಿ ಕಣ್ಣು ಅವಳನ್ನು ನೋಡುತ್ತಿತ್ತು. ಅವಳು ಬಾಣವನ್ನು ಪಕ್ಕಕ್ಕೆ ಸರಿಸಿ, ಎದ್ದು, ಬೆನ್ನ ಹಿಂದಿನ ಮೇಜಿಗೆ ಹೋದಳು.

ಮೇಲಿನ ಖಾನೆಯಲ್ಲಿ ಪೆನ್ನು, ಬ್ಯಾಟರಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಪೊಲೀಸರು ಇದನ್ನು ನೋಡಿ ಮೇಜು ನೋಡಿದ್ದೇವೆ ಎಂದಿದ್ದರು. ಕೆಳಗಿನ ಉದ್ದ ಖಾನೆಗೆ ಬೀಗ. ಅವನ ಜೇಬಿನಿಂದ ತೆಗೆದು ಅವಳಿಗೆ ವಾಪಸ್ ಕೊಟ್ಟಿದ್ದ ಗೊಂಚಲಿನಲ್ಲಿ ಅದರ ಕೀಲಿಯಿತ್ತು. ನೀರು ಕುಡಿದಿದ್ದ ಕೀಲಿ ತುಸು ಬಿಗಿಯಾಗಿ ತಿರುಗಿತು.

ಒಳಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಏನೋ ಒಂದು. ಎತ್ತಿದಳು. ಮಣಿಕಟ್ಟು ಬಾಗುವಷ್ಟು ಭಾರ. ಟವೆಲ್ಲು ಸರಿದು ಕಬ್ಬಿಣ ಇಣುಕಿತು. ಮೊಳದುದ್ದದ ಸರಳು, ಒಂದು ತುದಿಗೆ ಅಡ್ಡ ಹಿಡಿ, ಇನ್ನೊಂದು ತುದಿ ಹಕ್ಕಿಯ ಕೊಕ್ಕಿನಂತೆ ಬಾಗಿತ್ತು. ಹಿಡಿಯ ಮೇಲೆ ನೀರಿನ ವಿಭಾಗದ ಹಳದಿ ಬಳಿತ.

ಮುಚ್ಚಳದ ಕೊಕ್ಕೆ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಮೇಜುಗಳ ಅಡಿಯಿಂದ ನೋಡಿದರೆ ಆ ಕೋಣೆ ಬೇರೆಯೇ. ತಂತಿಗಳು ಬೇರಿನ ಹಾಗೆ ಇಳಿಬಿದ್ದಿದ್ದವು, ಎಲ್ಲರ ಪಾದಗಳು ಅಲುಗಾಡದೆ ಇದ್ದವು.

ಕೊಕ್ಕೆ ಇಲ್ಲಿದೆ. ಬೀಗದೊಳಗೆ. ಕೀಲಿ ಅವನ ಜೇಬಿನಲ್ಲಿತ್ತು. ಅಂದರೆ ಆ ಸಂಜೆ ಅವನು ಅಂಗಳಕ್ಕೆ ಕೊಕ್ಕೆಯಿಲ್ಲದೆ ಹೋಗಿದ್ದ. ಮುಚ್ಚಳ ತೆಗೆಯುವ ಯೋಚನೆ ಆವತ್ತಿನದಲ್ಲ. ಆವತ್ತು ಟ್ಯಾಬ್ಲೆಟ್ಟು ಹಿಡಿದು ಜಾಗ ಗುರುತು ಮಾಡಲು ಹೋಗಿದ್ದ, ಅಷ್ಟೆ. ಕೆಳಗೆ ನೋಡದೆ, ಕೈಯಲ್ಲಿನ ನಕ್ಷೆ ನೋಡುತ್ತ ನಡೆದಿದ್ದ. ಮುಚ್ಚಳ ಅವನಿಗಿಂತ ಮೊದಲೇ ತೆರೆದಿತ್ತು.

ಹಾರಿಕೊಂಡಿರಲಿಲ್ಲ.

ಆ ಮಾತು ಅವಳೊಳಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಕಣ್ಣೀರು ಬಂದೀತೆಂದು ಕಾದಳು. ಬದಲಿಗೆ ಹಸಿವಾಯಿತು. ಅವನ ಬಿಸ್ಕತ್ತನ್ನು ತೆಗೆದು, ಮೆತ್ತಗಾಗಿದ್ದ ಅದನ್ನು, ಅಲ್ಲೇ ಕೂತು ತಿಂದಳು.

ಆದರೆ ಇದು ಅವನು ಈಸಿಕೊಂಡ ಕೊಕ್ಕೆಯೇ ಎಂದು ಕೊಟ್ಟವರು ಕಣ್ಣಾರೆ ನೋಡಿ ಹೇಳಬೇಕು. ಹೇಳಿದರೆ ನೆಗಡಿ ಸಾಹೇಬರು ಫೈಲು ಮುಚ್ಚಲಾರರು.

* * *

"ದಾರಿಯಲ್ಲಿ ನೀರಿನ ವಿಭಾಗದ ಹತ್ತಿರ ಒಂದು ನಿಮಿಷ ನಿಲ್ಲಿಸ್ತೀರಾ?" ಕಾರು ಹತ್ತುವಾಗ ಕೇಳಿದಳು. ತೊಡೆಯ ಮೇಲೆ ಚೀಲ, ಚೀಲದಲ್ಲಿ ಟವೆಲ್ಲಿನ ಗಂಟು.

"ಯಾಕೆ?"

"ಅವರು ಈಸ್ಕೊಂಡಿದ್ದ ಏನೋ ಒಂದು ವಾಪಸ್ ಕೊಡಬೇಕು."

"ಕೊಡು ಇತ್ಲಾಗೆ, ನಾಳೆ ಯಾರ ಕೈಯಲ್ಲಾದರೂ ಕಳಿಸಿದರಾಯ್ತು."

"ನಾನೇ ಕೊಡಬೇಕು ಮಾವ. ಅವರ ಕಡೆಯಿಂದ."

ಅವರು ಒಪ್ಪಿದರು. ಒಲ್ಲೆ ಎನ್ನಲು ಕಾರಣವಿರಲಿಲ್ಲ. ತೂತು ಹೊಲಿದೆಯಾ ಎಂದು ಒಂದು ಸಲ ಕೇಳಿದರು, ನಾಳೆ, ಎಂದಳು. ಸಂಜೆಯ ಬೀದಿಗಳು ಗಾಜಿನ ಆಚೆ ಸದ್ದಿಲ್ಲದೆ ಜಾರಿದವು. ಅಂಗಡಿ, ಮರ, ದೀಪದ ಕಂಬ, ಮತ್ತೆ ಅಂಗಡಿ. ಒಂದೊಂದರ ಮೇಲೂ ಬಾಣವಿಟ್ಟು ಕೇಳಬೇಕೆನ್ನಿಸಿತು. ಪಕ್ಕದ ಸೀಟಿನ ಮೇಲೂ. ಮಾವ ಗುನುಗುತ್ತಿದ್ದರು. ದುಃಖದಲ್ಲಿದ್ದಾಗಲೂ ಅವರು ಗುನುಗುತ್ತಾರೆ. ಅದು ಮೊದಲಿನಿಂದ ಅಭ್ಯಾಸ.

ನೀರಿನ ವಿಭಾಗದ ಉಗ್ರಾಣ ಪಂಪುಮನೆಯ ಪಕ್ಕದ ಉದ್ದನೆಯ ಕೊಠಡಿ. ಗೋಡೆಯ ತುಂಬ ಮೊಳೆ. ಪ್ರತಿ ಮೊಳೆಯ ಹಿಂದೆ ಅಲ್ಲಿ ತೂಗಬೇಕಾದ ಸಲಕರಣೆಯ ನೆರಳನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು. ವಸ್ತು ಹೊರಗೆ ಹೋಗಿದ್ದರೆ ನೆರಳು ಮಾತ್ರ ಕಾಣುತ್ತಿತ್ತು.

ಉಗ್ರಾಣ ನೋಡಿಕೊಳ್ಳುವವರನ್ನು ಎಲ್ಲರೂ ವಾಲ್ವಣ್ಣ ಎನ್ನುತ್ತಿದ್ದರು. ಅವಳನ್ನು ಕಂಡು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು.

"ಬನ್ನಿ ತಾಯಿ. ಏನು ಹೇಳಬೇಕೋ ನಂಗೆ ಗೊತ್ತಾಗಲ್ಲ. ಸ್ಮಶಾನದಲ್ಲೂ ಹಿಂದೆ ನಿಂತಿದ್ದೆ."

"ನೋಡಿದೆ ಅಣ್ಣ." ನೋಡಿರಲಿಲ್ಲ. "ಇದು ನಿಮ್ಮದಲ್ವಾ?"

ಟವೆಲ್ಲು ಬಿಡಿಸಿದಳು. ವಾಲ್ವಣ್ಣ ಕೊಕ್ಕೆಯನ್ನು ದೀಪದ ಕಡೆ ತಿರುಗಿಸಿ ನೋಡಿದರು.

"ನಮ್ಮದೇ. ನಾನೇ ಕೈಯಾರೆ ಕೊಟ್ಟಿದ್ದು, ಹಿಡಿಗೆ ಬಣ್ಣ ಹೊಸದಾಗಿ ಬಳಿದಿದ್ದೆ. ಇನ್ನೂ ಒಣಗಿಲ್ಲ, ಅಂಗಿಗೆ ಮೆತ್ತಿಕೊಂಡೀತು ಅಂದಿದ್ದಕ್ಕೆ ಟವೆಲ್ಲು ಸುತ್ತಿಕೊಂಡು ಹೋದರು. ನಾಡಿದ್ದು ತಂದುಕೊಡ್ತೀನಿ ವಾಲ್ವಣ್ಣ ಅಂದಿದ್ದರು." ಹಣೆ ಗಂಟಿಕ್ಕಿತು. "ಆದರೆ ಇದು ಎಲ್ಲಿತ್ತು ತಾಯಿ?"

"ಅವರ ಮೇಜಿನಲ್ಲಿ. ಯಾಕೆ?"

"ಅವರದು ಆಗಲೇ ವಾಪಸ್ ಬಂತು ಅಂದ್ಕೊಂಡಿದ್ದೆ." ಗೋಡೆಯತ್ತ ಕೈ ತೋರಿಸಿದರು. ಅಕ್ಕಪಕ್ಕದ ಎರಡು ಮೊಳೆ. ಒಂದರಲ್ಲಿ ಬರೀ ನೆರಳು. ಇನ್ನೊಂದರಲ್ಲಿ ಇದರದ್ದೇ ಜೋಡಿ, ಎಣ್ಣೆ ಹಚ್ಚಿಸಿಕೊಂಡು ಮಿನುಗುತ್ತ ತೂಗುತ್ತಿತ್ತು.

"ಆ ಹಳೇ ಮುಚ್ಚಳಗಳಿಗೆ ಆಗೋ ಕೊಕ್ಕೆ ಈ ಎರಡೇ. ಒಂದನ್ನು ನಾನು ನಿಮ್ಮ ಯಜಮಾನರಿಗೆ ಕೊಟ್ಟೆ. ಇನ್ನೊಂದು ಅದರ ಮಾರನೇ ದಿನ ಮಧ್ಯಾಹ್ನ ಕಾಣಲಿಲ್ಲ. ನಾನು ಊಟಕ್ಕೆ ಹೋದಾಗ ಯಾರೋ ಕೇಳದೆ ಎತ್ತಿಕೊಂಡಿದ್ದರು. ನಿಮ್ಮವರೇ ಇರಬೇಕು, ಒಂದು ಸಾಲದೆ ಬಂದಿದ್ದರೇನೋ ಅಂದ್ಕೊಂಡೆ. ಅಂತ್ಯಕ್ರಿಯೆಯ ಮಾರನೇ ದಿನ ದೊಡ್ಡಮ್ಮ ಬಂದು ಅದನ್ನು ಕೊಟ್ಟುಹೋದರು."

"ಯಾವ ದೊಡ್ಡಮ್ಮ?"

"ನಿಮ್ಮ ಅತ್ತೆಯವರು. ನನ್ನ ಮಗ ತಗೊಂಡಿದ್ದು, ಇಟ್ಟುಕೊಂಡರೆ ಅವನಿಗೆ ಭಾರ ಅಂದರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ಕೊಕ್ಕೆ ತುಂಬ ಕೆಸರು ಮೆತ್ತಿತ್ತು. ತೊಳೆದು ಎಣ್ಣೆ ಹಚ್ಚಿದೆ."

ಪಂಪುಮನೆಯ ಸದ್ದು ನೆಲದೊಳಗಿಂದ ಪಾದಕ್ಕೆ ಹತ್ತುತ್ತಿತ್ತು.

"ಅತ್ತೆಗೆ ಅದು ಎಲ್ಲಿ ಸಿಕ್ತಂತೆ?"

"ಅವರ ತಮ್ಮನ ಕಾರಲ್ಲಿ. ಸ್ಮಶಾನದಿಂದ ಬರುವಾಗ ಹಿಂದಿನ ಸೀಟಿನ ಕೆಳಗೆ ಕಾಲಿಗೆ ತಗುಲಿತಂತೆ. ಮಗ ಅಲ್ಲಿ ಮರೆತಿದ್ದಾನೆ ಅಂದ್ಕೊಂಡು ಸೆರಗಿನಡಿ ಇಟ್ಟುಕೊಂಡು ತಂದರಂತೆ. ತಮ್ಮನಿಗೆ ಹೇಳಲಿಲ್ಲವಂತೆ, ಅವನೂ ನೊಂದಿದ್ದಾನೆ, ಇದನ್ನು ನೋಡಿ ಇನ್ನೂ ನೊಂದುಕೊಳ್ಳೋದು ಬೇಡ ಅಂತ."

ಆ ಅಂಗಳಕ್ಕೆ ನಾನು ಕಾಲಿಟ್ಟಿಲ್ಲ, ಎಂದಿದ್ದರು ಮಾವ.

ಹೊರಗೆ ಕಾರಿನ ಹಾರ್ನ್ ಒಂದು ಸಲ, ಸಣ್ಣಗೆ ಕೂಗಿತು.

"ಅಣ್ಣ, ಇದನ್ನು ತೊಳೀಬೇಡಿ," ಎಂದಳು. "ಎಣ್ಣೆ ಹಚ್ಚಬೇಡಿ. ಪೊಲೀಸರು ಬರೋ ತನಕ ಎರಡನ್ನೂ ಯಾರಿಗೂ ಕೊಡಬೇಡಿ."

"ದೊಡ್ಡ ಸಾಹೇಬರು ಕೇಳಿದರೆ?"

"ಯಾವ ದೊಡ್ಡ ಸಾಹೇಬರು?"

ವಾಲ್ವಣ್ಣ ಅವಳ ಭುಜದ ಆಚೆ ನೋಡಿದರು. ಬಾಗಿಲಿನ ಬೆಳಕು ಅರ್ಧ ಮುಚ್ಚಿತು.

"ಎಷ್ಟು ಹೊತ್ತಮ್ಮ ನಿಂದು?" ಮಾವನ ದನಿ ಎಂದಿನಂತೆ ನಗುನಗುತ್ತಿತ್ತು. "ಅಕ್ಕ ಕಾಯ್ತಿರ್ತಾಳೆ. ಏನದು, ನಾನೂ ನೋಡ್ತೀನಿ."

ಕೊಕ್ಕೆಯ ಒಂದು ತುದಿ ವಾಲ್ವಣ್ಣನ ಕೈಯಲ್ಲಿತ್ತು, ಹಿಡಿ ಇನ್ನೂ ಅವಳ ಕೈಯಲ್ಲಿ. ಮಾವನ ಕಣ್ಣು ಅದರ ಮೇಲೆ ಬಿತ್ತು. ಅಲ್ಲಿಂದ ಗೋಡೆಗೆ ಹೋಯಿತು. ಎಣ್ಣೆ ಹಚ್ಚಿಸಿಕೊಂಡು ತೂಗುತ್ತಿದ್ದ ಇನ್ನೊಂದನ್ನು ಕಂಡು ಅಲ್ಲೇ ನಿಂತಿತು. ಆ ದುಂಡು ಮುಖದಿಂದ ನಗು ಹೋದದ್ದನ್ನು ಅವಳು ಅಷ್ಟು ವರ್ಷದಲ್ಲಿ ಮೊದಲ ಸಲ ನೋಡಿದಳು. ಹೋದ ಮೇಲೆ ಅಲ್ಲಿ ಏನೂ ಇರಲಿಲ್ಲ.

"ಅವರು ಈಸ್ಕೊಂಡಿದ್ದು ಇದು ಮಾವ," ಎಂದಳು. "ಗೋಡೆ ಮೇಲಿರೋದು ಯಾರು ತಗೊಂಡಿದ್ದು ಅಂತ ಕೇಳ್ತಿದ್ದೆ."

ಮಾವ ಒಳಗೆ ಬಂದು, ಹಿಂದೆ ನೋಡದೆಯೇ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿದರು.

ಅವಳು ಹಿಡಿಯಿಂದ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. ಭಾರವೆಲ್ಲ ವಾಲ್ವಣ್ಣನ ಕೈಗೆ ಇಳಿಯಿತು.